ಹಂಪಣ್ಣನ ನಡ ಹಿಡಿದ ಸೋಮವಾರ

ಎಲ್ಲದಕ್ಕೂ ಕಾರಣ ಒಂದು ಹಸಿಮೆಣಸಿನಕಾಯಿ. ಅದೂ ಚೆಂದದ ಕಾಯಿಯೇನಲ್ಲ. ತುದಿ ಬಾಡಿ, ತೊಟ್ಟು ಒಣಗಿ, ವೀರಬಸಮ್ಮನ ಮೊರದಿಂದ ಉರುಳಿ ಪಡಸಾಲೆಯ ನಡುವೆ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಹಂಪಣ್ಣ ಒಂದು ಕಾಳು ಜೋಳವನ್ನೂ ನೆಲದ ಮೇಲೆ ಬಿಡುವ ಮನುಷ್ಯನಲ್ಲ. "ಶಿವ ಕೊಟ್ಟಿದ್ದು" ಎನ್ನುತ್ತ ಬಗ್ಗಿದ. ಬೆರಳು ಮೆಣಸಿನಕಾಯಿಗೆ ತಾಗಿದ್ದೇ ತಡ, ಬೆನ್ನಿನ ಕೆಳಗೆ ಒಣಕಟ್ಟಿಗೆ ಮುರಿದಂತೆ ಚಟ್ ಎಂದಿತು. ಮೆಣಸಿನಕಾಯಿ ಕೈಗೆ ಬಂತು. ಹಂಪಣ್ಣ ಮೇಲೆ ಬರಲಿಲ್ಲ.

"ಏನು ಹುಡುಕಾಕ ಹತ್ತೀರಿ?" ಒಲೆಯ ಮುಂದಿದ್ದ ವೀರಬಸಮ್ಮ ಕೇಳಿದಳು.

"ಏನಿಲ್ಲ."

"ಏನಿಲ್ಲಂದ್ರ ಏಳ್ರಿ ಮತ್ತ."

"ಏಳಾಕ ಬರವಲ್ದು. ನಡ ಹಿಡಕಂಡೈತಿ."

ವೀರಬಸಮ್ಮ ಎದ್ದು ಬಂದು, ಗಂಡನ ಸುತ್ತ ಒಂದು ಸುತ್ತು ಬಂದಳು. ಸಂತೆಯಲ್ಲಿ ಎತ್ತು ನೋಡುವವರು ಹಾಗೆ ನೋಡುತ್ತಾರೆ. "ನಿನ್ನೆ ಜೋಳದ ಚೀಲ ಹೊತ್ತು ಅಟ್ಟ ಏರಿದ್ರಿ. ಆಗ ಏನೂ ಆಗಲಿಲ್ಲ. ಇವತ್ತು ಮೆಣಸಿನಕಾಯಿ ಭಾರಾತು?"

ಹಂಪಣ್ಣ ಮೆಣಸಿನಕಾಯಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅವನಿಗೆ ಹೊಳೆದದ್ದು ಒಂದೇ: ಇವತ್ತು ಶ್ರಾವಣದ ಕೊನೆಯ ಸೋಮವಾರ.

ನಿಜಾಮ ಸರಕಾರದ ಕಾಲ ಅದು. ಮಕ್ತಲ್‌ಗೂ ಮಾಗನೂರಿಗೂ ನಡುವಿನ ಆ ಊರಿನಲ್ಲಿ ಕಂದಾಯವೊಂದು ಹೈದರಾಬಾದಿನ ಮಾತು ಕೇಳುತ್ತಿತ್ತು, ಉಳಿದದ್ದೆಲ್ಲ ವೀರಭದ್ರನ ಮಾತು ಕೇಳುತ್ತಿತ್ತು. ಶ್ರಾವಣದ ಕೊನೆಯ ಸೋಮವಾರ ಸಂಜೆ ದೇವರ ಪಲ್ಲಕ್ಕಿ ಗುಡಿಯಿಂದ ಹಳ್ಳಕ್ಕೆ ಹೋಗಿ, ಗಂಗೆಯನ್ನು ಮುಟ್ಟಿ ಬರುತ್ತದೆ. ಅದರ ಮುಂದಿನ ಬಲಗಡೆಯ ಬೊಂಬಿಗೆ ಹೆಗಲು ಕೊಡುವ ಹಕ್ಕು ಹಂಪಣ್ಣನ ಮನೆಯದು. ಹಕ್ಕಿನ ಕಟ್ಟಳೆ ಬಹಳ ಸರಳ. ಮೂರನೆಯ ಸಲ ಕೊಂಬು ಊದುವಾಗ ಆ ಬೊಂಬಿನ ಕೆಳಗೆ ಯಾರ ಹೆಗಲಿರುತ್ತದೋ, ಅಂದಿನಿಂದ ಹಕ್ಕು ಅವರ ಮನೆಗೆ. ಹಂಪಣ್ಣನ ಅಜ್ಜನಿಗೆ ಅದು ಸಿಕ್ಕಿದ್ದೂ ಹೀಗೆಯೇ. ಆ ವರ್ಷ ಅಜ್ಜನ ಅಣ್ಣ, ಅಂದರೆ ದೊಡ್ಡಪ್ಪನ ಅಪ್ಪ, ಚಳಿಜ್ವರದಿಂದ ನಡುಗುತ್ತ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದ, ಕೊಂಬು ಊದಿಬಿಟ್ಟಿತು. ಅಂದಿನಿಂದ ಆ ಮನೆಯವರು ಒಂದು ಜ್ವರಕ್ಕಾಗಿ ಕಾಯುತ್ತಿದ್ದರು. ಈ ಸಲ ಅದು ಹಂಪಣ್ಣನ ಮನೆಗೆ ಬರಲೆಂದು.

ಈಗ ಕಾಯುತ್ತಿದ್ದವನು ದೊಡ್ಡಪ್ಪನ ಮಗ ಶಿವಶಂಕರಪ್ಪ. ಹಂಪಣ್ಣನಿಗಿಂತ ಒಂದು ಉಗಾದಿ ದೊಡ್ಡವನು. ಹೊಟ್ಟೆ ಮಾತ್ರ ಹತ್ತು ಉಗಾದಿ ದೊಡ್ಡದು. ಶ್ರಾವಣ ಹುಟ್ಟಿದ ದಿನದಿಂದ ಹಿತ್ತಲಿನಲ್ಲಿ ಹಳೆಯ ಮನೆಯ ತೊಲೆಯೊಂದನ್ನು ಹೆಗಲ ಮೇಲೆ ಇಟ್ಟುಕೊಂಡು ಓಡಾಡುವುದು ಅವನ ಪದ್ಧತಿ. ಮುಂದಿನ ಹೆಗಲಿನವನು ಹೊಸ ರುಮಾಲು ಸುತ್ತಬೇಕೆಂಬ ಕಟ್ಟಳೆಯಿದ್ದದ್ದರಿಂದ ಪ್ರತಿವರ್ಷ ಒಂದು ಹೊಸ ರುಮಾಲನ್ನೂ ತರುತ್ತಿದ್ದ. ಹಕ್ಕು ಬರುತ್ತಿರಲಿಲ್ಲ, ರುಮಾಲು ಹೊಲಕ್ಕೆ ಹೋಗುತ್ತಿತ್ತು. ಊರಿನಲ್ಲಿ ಅಷ್ಟು ಬೆಳ್ಳಗಿನ ರುಮಾಲು ಸುತ್ತಿಕೊಂಡು ಕುಂಟೆ ಹೊಡೆಯುವ ರೈತ ಮತ್ತೊಬ್ಬನಿರಲಿಲ್ಲ.

"ಶಿವಶಂಕರಪ್ಪಣ್ಣಗ ಗೊತ್ತಾಗಬಾರದು ನೋಡು," ನೆಲವನ್ನೇ ನೋಡುತ್ತ ಹಂಪಣ್ಣ ಹೇಳಿದ. "ಏನಾರ ಹಚ್ಚು. ಖರ್ಚಿಂದು ಬ್ಯಾಡ."

ವೀರಬಸಮ್ಮ ಬೇಲಿಯಿಂದ ಎಕ್ಕೆಯ ಎಲೆ ಕಿತ್ತು ತಂದು, ಔಡಲೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿಬಿಸಿಯಾಗಿಯೇ ಬೆನ್ನಿಗೆ ಅಂಟಿಸುತ್ತ ಹೋದಳು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಬಂಡಿ ರಾಮುಲು ಹಗ್ಗ ಕೇಳಲೆಂದು ಒಳಗೆ ಬಂದ. ಬಾಗಿಲಲ್ಲೇ ನಿಂತು, ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದ.

"ಏಮೈಂದಿ ಅಣ್ಣಾ, ಏನಾತು? ಹನುಮಪ್ಪಗ ಎಕ್ಕಿ ಹಾರ ಹಾಕೋದು ಶನಿವಾರ ಅಲ್ಲೇನು? ಇವತ್ತು ಸೋಮವಾರ."

"ಬಾಯಿ ಮುಚ್ಚು ರಾಮುಲು. ಯಾರಿಗೂ ಹೇಳಬ್ಯಾಡ. ನಡ ಹಿಡದೈತಿ."

"ನಾನ್ಯಾಕ ಹೇಳಲಿ," ರಾಮುಲು ಎಂದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಎತ್ತುಗಳಿಗೂ ಗೊತ್ತಿತ್ತು. "ಎಲಿಗಿಲಿಗೆ ಹೋಗೋ ನೋವಲ್ಲಣ್ಣ ಇದು. ಇದಕ್ಕ ಸುಣ್ಣ-ಬೆಲ್ಲದ ಪಟ್ಟು ಬೇಕು. ನಮ್ಮ ಮಾವಗ ಹಚ್ಚಿದ್ವಿ. ಎದ್ದು ಮದುವಿಗೆ ಹೋಗಿ ಬಂದ."

"ಖರ್ಚು?"

"ಸುಣ್ಣ ಮನ್ಯಾಗೈತಿ, ಬೆಲ್ಲ ಮನ್ಯಾಗೈತಿ. ಇಂಕ ಏಮ್ ಖರ್ಚು?"

"ಹಳೇ ಬೆಲ್ಲ ತಗಿ," ಎಂದು ಹಂಪಣ್ಣ ಹೆಂಡತಿಗೆ ಹೇಳಿದ.

"ಬೆನ್ನಿಗೂ ಹಳೇ ಬೆಲ್ಲನೇ?" ಎನ್ನುತ್ತ ಆಕೆ ಗಡಿಗೆಗೆ ಕೈ ಹಾಕಿದಳು.

ರಾಮುಲು ಹಿಂದಿನ ವಾರವಷ್ಟೇ ತನ್ನ ಮನೆಯ ಗೋಡೆಗೆ ಗಿಲಾವು ಮಾಡಿದ್ದ. ಕೈ ಇನ್ನೂ ಅದೇ ಹದದಲ್ಲಿತ್ತು. ಸುಣ್ಣ ಬೆಲ್ಲ ಕಲಸಿ, ಎಕ್ಕೆಯ ಎಲೆಗಳ ಮೇಲೆಯೇ ದಪ್ಪಗೆ ಬಳಿದು, ಅಂಗೈಯಿಂದ ನುಣ್ಣಗೆ ಮಾಡಿ, ಮೂಲೆಗಳನ್ನೂ ತಿದ್ದಿ, ದೂರ ನಿಂತು ನೋಡಿ ತೃಪ್ತಿಪಟ್ಟ. ಪಟ್ಟು ಬೆಚ್ಚಗಾಯಿತು. ಹಂಪಣ್ಣನಿಗೆ ಹಾಯೆನಿಸಿತು. ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತ ಕಣ್ಣು ಮುಚ್ಚಿದ. ಪಟ್ಟು ಬಿಗಿಯಾಯಿತು. ಆಮೇಲೆ ಇನ್ನೂ ಬಿಗಿಯಾಯಿತು. ಕಣ್ಣು ತೆರೆದು ಏಳಲು ನೋಡಿದರೆ, ಇಷ್ಟು ಹೊತ್ತು ನೋವಿಗೆ ಬಗ್ಗಿದ್ದ ಹಂಪಣ್ಣ ಈಗ ಗಟ್ಟಿಯಾದ ಸುಣ್ಣದ ಗಚ್ಚಿಗೆ ಬಗ್ಗಿದ್ದ. ಹಳೆಯ ಬೆಲ್ಲದ ವಾಸನೆ ಹಿಡಿದು ಗೋಡೆಯ ಬಿರುಕಿನಿಂದ ಇರುವೆಗಳ ಸಾಲೊಂದು ಶಿಸ್ತಾಗಿ ಇತ್ತ ಹೊರಟಿತ್ತು.

"ನಿಮ್ಮ ಮಾವನೂ ಹಿಂಗ ಆಗಿದ್ನೇನು?" ಹಂಪಣ್ಣ ಕೇಳಿದ.

"ಅವ ಮದುವಿಗೆ ಹೋದ ಅಂದೆನಲ್ಲ. ನೆಟ್ಟಗ ಹೋದ ಅಂತ ಎಲ್ಲಿ ಅಂದೆ?" ರಾಮುಲು ತಲೆ ಕೆರೆದುಕೊಂಡ. "ನಡಿ ಅಣ್ಣಾ, ಮಕ್ತಲ್‌ಗೆ ಹೋಗೋಣು. ನಾನೂ ಹೊಂಟೀನಿ. ಅಲ್ಲಿ ಹಕೀಮ್ ಸಾಬ್ರು ಅದಾರ. ಬಡವರ ಕಡಿಂದ ಬಾಳ ತಗೊಳ್ಳಂಗಿಲ್ಲ. ಹೊತ್ತು ಮುಳುಗೋದ್ರೊಳಗ ತಿರುಗಿ ಬರೋಣು."

ಹಂಪಣ್ಣನನ್ನು ಬಂಡಿಯಲ್ಲಿ ಬೋರಲು ಮಲಗಿಸಿ, ಯಾರ ಕಣ್ಣಿಗೂ ಬೀಳದಿರಲೆಂದು ಮೇಲೆ ಕಂಬಳಿ ಹೊದಿಸಿದರು. ಬಂಡಿ ಊರ ಅಗಸಿ ಬಾಗಿಲು ದಾಟುತ್ತಿದ್ದಂತೆ ಹಿಂದಿನಿಂದ ಒಂದು ದನಿ ಕೇಳಿತು.

"ಏ ರಾಮುಲು, ನಿಲ್ಲೋ. ಮಕ್ತಲ್‌ಗೇನು? ನಾನೂ ಬರ್ತೀನಿ. ರುಮಾಲು ತರಬೇಕು."

ಶಿವಶಂಕರಪ್ಪ. ರಾಮುಲು ಉತ್ತರ ಹುಡುಕುವಷ್ಟರಲ್ಲಿ ಬಂಡಿ ಒಂದು ಕಡೆ ವಾಲಿತು. ಅವನು ಹತ್ತಿ ಆಗಿತ್ತು.

"ಕಂಬಳಿ ಬುಡಕ ಏನೈತಿ?"

"ಜೋಳ ಅಣ್ಣಾ. ಜೋಳದ ಚೀಲ."

"ಚಲೋ ಆತು," ಎಂದು ಶಿವಶಂಕರಪ್ಪ ಜೋಳದ ಚೀಲದ ಮೇಲೆ ಕೂತ.

ಕಂಬಳಿಯ ಕೆಳಗಿನಿಂದ ಒಂದು ಸದ್ದು ಬಂತು. ಕಟುಕನ ಮನೆಯ ಮುಂದೆ ಹೋಗುವ ಕುರಿ ಅಂಥ ಸದ್ದು ಮಾಡುತ್ತದೆ.

"ಏನೋ ಅದು?"

"ಗಾಲಿ ಅಣ್ಣಾ. ಕೀಲೆಣ್ಣಿ ಹಾಕಿಲ್ಲ."

ಮಕ್ತಲ್ ದಾರಿಯಲ್ಲಿ ಕಲ್ಲಿಗಿಂತ ಹೊಂಡ ಹೆಚ್ಚು, ಹೊಂಡಕ್ಕಿಂತ ಕಲ್ಲು ಹೆಚ್ಚು. ಪ್ರತಿ ಕುಲುಕಿಗೂ ಶಿವಶಂಕರಪ್ಪ ಗೇಣು ಮೇಲೆ ಹಾರಿ, ಹಾರಿದ ಜಾಗಕ್ಕೇ ಇಳಿಯುತ್ತಿದ್ದ. ಹಂಪಣ್ಣ ಹಲ್ಲು ಕಚ್ಚಿ, ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಕುಲುಕಿಗೆ ಒಂದರಂತೆ ಶಿವನಾಮ ಹೇಳಿಕೊಂಡ. ಅವನ ಜನ್ಮದಲ್ಲಿ ಅಷ್ಟು ನಿಷ್ಠೆಯ ಜಪ ಎಂದೂ ಆಗಿರಲಿಲ್ಲ.

"ಜೋಳ ಮೆತ್ತಗೈತಲ್ಲೋ," ಶಿವಶಂಕರಪ್ಪ ಎಂದ. "ತೇವ ಹಿಡದೈತಿ. ಇದಕ್ಕ ರೇಟು ಬರಂಗಿಲ್ಲ. ನಡುವ ಒಂದು ಕಡಿ ಮಾತ್ರ ಕಲ್ಲಿನಂಗೈತಿ."

"ಮಣ್ಣಿನ ಹೆಂಟಿ ಸೇರಿರಬೇಕು, ಅಣ್ಣಾ."

"ಇರಲಿ. ನಿನ್ನ ಮುಂದ ಹೇಳ್ತೀನಿ ರಾಮುಲು. ದಿನಾ ಸ್ವಾಮಿ ಮುಂದ ಕೈ ಮುಗಿದು ಕೇಳ್ತೀನಿ. ಹಂಪಣ್ಣಗ ಕೆಟ್ಟದ್ದಾಗಲಿ ಅಂತ ಕೇಳಂಗಿಲ್ಲ; ತಮ್ಮ ಅವ ನನಗ. ಒಂದು ಸಣ್ಣ ತೊಂದರಿ ಕೊಡಪ್ಪ ಅಂತೀನಿ, ಒಂದು ಸಂಜಿ ಮಟ್ಟಿಗೆ. ಕಾಲಾಗ ಮುಳ್ಳು. ಇಲ್ಲಾ ಹಲ್ಲುನೋವು. ಎರಡರಾಗ ಯಾವುದಾದ್ರೂ ನಡೀತೈತಿ."

ಬಿಸಿಲಿಗೆ ಬೆಲ್ಲ ಕರಗಿ ಕಂಬಳಿಯ ಅಂಚಿನಿಂದ ಒಂದು ಎಳೆ ಇಳಿಯತೊಡಗಿತ್ತು. ಶಿವಶಂಕರಪ್ಪ ಅದನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದ; ಮುಖ ಕಿವುಚಿದ. "ಬೆಲ್ಲನೂ ಹೇರೀಯೇನು? ಸುಣ್ಣ ಬೆರಸ್ಯಾರಲ್ಲೋ. ಎಂಥಾ ಕಾಲ ಬಂತಪ್ಪ, ತಿನ್ನೋದ್ರಾಗೂ ಮೋಸ."

ಮಕ್ತಲ್ ಬಂದಾಗ ಅವನು ಇಳಿದು, ಧೋತರ ಕೊಡವಿಕೊಂಡು ಅರಿವೆ ಅಂಗಡಿಗಳ ಕಡೆ ನಡೆದ. ತಿರುಗಿ ಬೇರೆ ಬಂಡಿಯಲ್ಲಿ ಬರುತ್ತೇನೆಂದೂ, ಈ ಜೋಳದ ಮೇಲೆ ತನ್ನಿಂದ ಕೂಡಲಾಗದೆಂದೂ ಹೇಳಿ ಹೋದ.

ಹಕೀಮ್ ಸಾಹೇಬರು ಮೆತ್ತೆಯ ಮೇಲೆ ಕೂತಿದ್ದರು. ಬೆನ್ನಿಗೊಂದು ಲೋಡು, ಲೋಡಿನ ಹಿಂದೆ ಇನ್ನೊಂದು ಲೋಡು. ಹಂಪಣ್ಣನ ಅಂಗಿ ಎತ್ತಿ, ಬೆರಳ ಗೆಣ್ಣಿನಿಂದ ಪಟ್ಟನ್ನು ಬಡಿದರು. ಟಕಟಕ ಎಂದಿತು.

"ಯೆ ಕ್ಯಾ ಹೈ ಭಾಯಿ? ಇದು ದವಾ ಅಲ್ಲ, ಇಮಾರತು. ನೀವು ನನ್ನ ಹತ್ರ ಯಾಕ ಬಂದ್ರಿ, ಗೋಡಿ ಕಟ್ಟೋ ಗೌಂಡಿ ಹತ್ರ ಹೋಗಬೇಕಿತ್ತು."

ಬಿಸಿನೀರು ಸುರಿದು ಸುರಿದು ಗಚ್ಚನ್ನು ನೆನೆಸಿ ಕಿತ್ತರು. ಗಚ್ಚಿನ ಜೊತೆ ಎಕ್ಕೆಯ ಎಲೆ ಬಂತು, ಎಲೆಯ ಜೊತೆ ಹಂಪಣ್ಣನ ಬೆನ್ನಿನ ಕೂದಲು ಬಂತು, ಕೂದಲ ಜೊತೆ ಕೆಲವು ಇರುವೆಗಳು ಬಂದವು.

"ಸಾಬ್ರ, ಅಗ್ಗದ್ದು ಏನಾರ ಹೇಳ್ರಿ," ಕಣ್ಣೊರೆಸಿಕೊಳ್ಳುತ್ತ ಹಂಪಣ್ಣ ಕೇಳಿದ.

"ಅಗ್ಗದ್ದೇ ಹೇಳ್ತೀನಿ. ಎಳ್ಳಿನ ಒಳ್ಳೆಣ್ಣಿ ತಗೊಳ್ರಿ. ಅದರಾಗ ಬಳ್ಳೊಳ್ಳಿ, ಓಮ ಹಾಕಿ ಕಾಸ್ರಿ. ಇಳಿಸಿದ ಮ್ಯಾಲೆ ಚೂರು ಕಪ್ಪುರ. ಬೆಚ್ಚಗಿದ್ದಾಗ ಹಗೂರಕ ಸವರ್ರಿ, ತಿಕ್ಕಬ್ಯಾಡ್ರಿ. ಉಸುಕಿನ ಗಂಟು ಕಾಸಿ ಶಾಖ ಕೊಡ್ರಿ. ಎಲ್ಲಾ ಮನ್ಯಾಗ ಇರೋವೇ. ನನಗೇನೂ ಕೊಡೋದು ಬ್ಯಾಡ."

ಹಂಪಣ್ಣನ ಮುಖ ಅರಳಿತು. "ಸಂಜಿಗೆ ಆರಾಮ ಆಗ್ತೈತೇನ್ರಿ?"

"ಸಂಜಿಗೆ? ಎಂಟು ದಿನ ಮಲಗಬೇಕು."

"ಸಂಜಿಗೆ ಪಲ್ಲಕ್ಕಿ ಹೊರಬೇಕ್ರಿ ಸಾಬ್ರ. ಮೂರು ತಲಿಮಾರಿನ ಹಕ್ಕು. ನಾ ಹೊರಲಿಲ್ಲಂದ್ರ ನಮ್ಮಪ್ಪಗ, ನಮ್ಮ ಅಜ್ಜಗ ಮ್ಯಾಲೆ ಹೋಗಿ ಹೆಂಗ ಮುಖ ತೋರಿಸಲಿ?"

ಹಕೀಮರು ಗಡ್ಡ ಸವರಿಕೊಂಡರು. ದೇವರ ಕೆಲಸವೆಂದರೆ ಅವರಿಗೂ ಗೌರವವೇ. "ಸಂಜಿಗೆ ಅಂದ್ರ ಒಂದೇ ಇಲಾಜು. ಅದು ನಮ್ಮ ಕಿತಾಬಿನಾಗ ಇಲ್ಲ, ಖರ್ಚೂ ಇಲ್ಲ. ತಲಿ ಮುಂದ ಬರದ, ಕಾಲು ಮುಂದ ಮಾಡಿ ಹುಟ್ಟಿದವರು ಇರ್ತಾರಲ್ಲ, ಅಂಥವರು ಎಡಗಾಲಿಂದ ಒಮ್ಮಿ ನಡ ಒದ್ರ ಉಳುಕು ಅಲ್ಲೇ ಬಿಡ್ತೈತಿ. ನಾ ಕಣ್ಣಾರೆ ಕಂಡೀನಿ. ಅಂಥವರು ಸಿಕ್ರ ನನಗೂ ತಿಳಸ್ರಿ." ಎಂದು ಲೋಡಿಗೆ ಒರಗಲು ಹೋಗಿ "ಯಾ ಅಲ್ಲಾ" ಎಂದು ಸೊಂಟ ಹಿಡಿದುಕೊಂಡರು.

ಹೊರಗೆ ಬಂದಾಗ ರಾಮುಲುವಿನ ಕಣ್ಣು ಹೊಳೆಯುತ್ತಿತ್ತು. "ಅಣ್ಣಾ, ಯಾರು ಹೆಂಗ ಹುಟ್ಯಾರ ಅಂತ ಸೂಲಗಿತ್ತಿಗೆ ಗೊತ್ತಿರ್ತೈತಿ. ನಮ್ಮೂರ ಬುಗ್ಗಮ್ಮವ್ವ ಇಲ್ಲೇ ಮಗಳ ಮನ್ಯಾಗ ಅದಾಳ."

ಬುಗ್ಗಮ್ಮ ಊರಿನ ಎರಡು ತಲೆಮಾರನ್ನು ಕೈಯಲ್ಲಿ ಹಿಡಿದು ಈ ಲೋಕಕ್ಕೆ ಇಳಿಸಿದವಳು. ಈಗ ಕಣ್ಣು ಮಂಜಾಗಿ, ಮಗಳ ಮನೆಯ ಜಗುಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ರಾಮುಲು ದೊಡ್ಡ ದನಿಯಲ್ಲಿ ಕೇಳಿದ.

"ಅವ್ವಾ, ನಮ್ಮೂರಾಗ ಕಾಲು ಮುಂದಾಗಿ ಹುಟ್ಟಿದವರು ಯಾರಾರ ಅದಾರೇನು?"

ಕುಟ್ಟುವ ಸದ್ದು ನಿಂತಿತು. "ಒಬ್ಬನೇ ಒಬ್ಬ. ನನ್ನ ಕೈಯಾಗ ಹಂಗ ಬಂದಿದ್ದು ಅವನೊಬ್ಬನೇ. ಏನು ಕಾಡಿದ್ನಪ್ಪ. ಮೊದಲು ಎಡಗಾಲು ಹೊರಗ ಹಾಕಿದ, ಹಳ್ಳದ ನೀರು ತಣ್ಣಗೈತೇನು ಅಂತ ನೋಡೋರಂಗ. ಆಮ್ಯಾಲೆ ಬರಲೋ ಬ್ಯಾಡೋ ಅಂತ ಅಲ್ಲೇ ನಿಂತ. ನಾ ಎಳೀಲಿಲ್ಲಂದ್ರ ಇನ್ನೂ ಅಲ್ಲೇ ಇರ್ತಿದ್ದ."

ಹಂಪಣ್ಣ ಬಗ್ಗಿದ್ದಲ್ಲಿಂದಲೇ ಕೈ ಮುಗಿದ. "ಅವ ಬದುಕ್ಯಾನೇನವ್ವಾ?"

"ಬದುಕಿರಬೇಕು. ಅವರಪ್ಪ ನನಗ ನಾರಾಯಣಪೇಟಿ ಸೀರಿ ಉಡಸ್ತೀನಿ ಅಂದಿದ್ದ. ಉಡಸಲೇ ಇಲ್ಲ, ಜಿಪುಣ. ಅವರವ್ವ ಮಾತ್ರ ಕೈ ಹಿಡದು ಆಣಿ ಹಾಕಿಸಿದ್ಲು, ಯಾರಿಗೂ ಹೇಳಬ್ಯಾಡ ಅಂತ. ಗೊತ್ತಾದ್ರ ಊರ ಮಂದಿ ಎಲ್ಲಾ ಬಂದು ಕೂಸಿನ ಕಾಲು ಹಿಡದು ನಡಕ್ಕ ಬಡಕೊಂತಾರ, ಕೂಸಿಗೆ ಮೊಲಿ ಕುಡಿಯಾಕೂ ಬಿಡಂಗಿಲ್ಲ ಅಂತ. ಆಕಿ ಹೋಗಿ ಬಾಳ ದಿನ ಆತು. ಇನ್ನೇನು ಆಣಿ."

"ಯಾರ ಮಗ ಅವ್ವಾ? ಅವನ ಕಾಲು ಹಿಡಕೊಂತೀನಿ."

"ಅದೇ, ಮ್ಯಾಲಿನ ಓಣಿ ಶರಣಮ್ಮನ ಮಗ. ಹಂಪ."

ರಾಮುಲು ಹಂಪಣ್ಣನ ಮುಖ ನೋಡಿದ. ಹಂಪಣ್ಣ ತನ್ನ ಎಡಗಾಲನ್ನು ನೋಡಿದ. ಇಷ್ಟು ವರ್ಷ ಅದರಲ್ಲಿ ಮುಳ್ಳು ಮುರಿಸಿಕೊಂಡು, ಕೆಸರು ತುಳಿದು, ಚಪ್ಪಲಿಯನ್ನೂ ಕೊಡಿಸದೆ ನಡೆದಿದ್ದ. ಮಕ್ತಲ್ ಸೀಮೆಯಲ್ಲೇ ಇಲ್ಲದ ಮದ್ದು, ಬಿಡಿಕಾಸಿನ ಖರ್ಚಿಲ್ಲದ ಮದ್ದು, ಅವನ ಮೊಣಕಾಲಿನಿಂದ ಕೆಳಗೆ ತೂಗಾಡುತ್ತಿತ್ತು.

ಊರಿನ ದಾರಿಯ ಬೇವಿನ ಮರದ ನೆರಳಿನಲ್ಲಿ ಬಂಡಿ ನಿಲ್ಲಿಸಿ ಆ ಮದ್ದನ್ನು ಹಚ್ಚಿಕೊಳ್ಳಲು ನೋಡಿದರು. ಹಂಪಣ್ಣ ನಿಂತು ಹಿಂದಕ್ಕೆ ಒದ್ದ. ಹಿಮ್ಮಡಿ ತೊಡೆಯವರೆಗೆ ಬಂದು ವಾಪಸು ಹೋಯಿತು. ಬೋರಲು ಮಲಗಿದ. ರಾಮುಲು ಕಾಲನ್ನು ಮಡಚಿ, ಎತ್ತಿನ ನೊಗ ಬಗ್ಗಿಸುವವನಂತೆ ಮೇಲೆ ಕೂತು ಒತ್ತಿದ. ಹಿಮ್ಮಡಿ ನಡಕ್ಕೆ ನಾಲ್ಕು ಬೆರಳು ದೂರವಿರುವಾಗ ಮೊಣಕಾಲು ಎಂದೂ ಕೇಳದ ಸದ್ದೊಂದನ್ನು ಮಾಡಿತು. ಎತ್ತುಗಳು ಮೇಯುವುದನ್ನು ಬಿಟ್ಟು ನೋಡಿದವು.

"ಸಾಕೋ ರಾಮುಲು. ಇದ್ದ ನಡ ಹೋತು, ಮೊಣಕಾಲೂ ಹೋಗೋದು ಬ್ಯಾಡ."

"ದೇವರು ಕೊಟ್ಟಾನ ಅಣ್ಣಾ. ಆದ್ರ ಕೈಗೆಟಕದಂಗ ಕೊಟ್ಟಾನ."

"ಈ ಸುದ್ದಿ ಊರಾಗ ಬಾಯಿ ಬಿಡಬ್ಯಾಡ. ವೀರಭದ್ರನ ಆಣಿ."

"ಬಿಡಂಗಿಲ್ಲ," ಎಂದ ರಾಮುಲು, ಈಗಾಗಲೇ ಅರ್ಧ ಬಿಟ್ಟಿದ್ದ ಬಾಯಿಯನ್ನು ಮುಚ್ಚುತ್ತ.

ಸಂಜೆ ವೀರಬಸಮ್ಮ ಹಿತ್ತಲಿನಿಂದ ಒಂದು ಹಲಗೆ ತಂದು ಗಂಡನ ಬೆನ್ನಿಗಿಟ್ಟು, ತನ್ನ ಹಳೆಯ ಸೀರೆಯಿಂದ ಎದೆಯಿಂದ ಸೊಂಟದವರೆಗೆ ಬಿಗಿದು ಕಟ್ಟಿದಳು. ಮೇಲೆ ಅಂಗಿ, ಅಂಗಿಯ ಮೇಲೆ ಶಲ್ಯ, ತಲೆಗೆ ಹೊಸ ರುಮಾಲು. ಹಂಪಣ್ಣ ನೆಟ್ಟಗೆ ನಿಂತ. ಎಷ್ಟು ನೆಟ್ಟಗೆಂದರೆ, ಗುಡಿಯ ಮುಂದೆ ಬಂದಾಗ ದೀಪದ ಕಂಬದ ಪಕ್ಕ ಇನ್ನೊಂದು ಕಂಬ ನೆಟ್ಟಂತೆ ಕಂಡ.

"ಹಂಪಣ್ಣ ಇವತ್ತು ಬಾಳ ಗತ್ತಿನ್ಯಾಗ ಅದಾನ," ಜನ ಮಾತಾಡಿಕೊಂಡರು. ಶಿವಶಂಕರಪ್ಪ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಪಕ್ಕ ನಿಂತಿದ್ದ. ತಮ್ಮನ ಕಾಲಲ್ಲಿ ಮುಳ್ಳಿಲ್ಲ, ಕೆನ್ನೆಯಲ್ಲಿ ಬಾವಿಲ್ಲ. ಅವನ ಮುಖ ಸಪ್ಪಗಾಯಿತು.

ಪೂಜಾರಿ ಕರಿಬಸಯ್ಯನವರು ಮಂಗಳಾರತಿ ಮಾಡಿ ಹೊರಗೆ ಬಂದರು. ಮೊದಲ ಕೊಂಬು ಊದಿತು. ಉಳಿದ ಮೂವರು ಕೂತು ಬೊಂಬಿಗೆ ಹೆಗಲು ಕೊಟ್ಟರು. ಕೂತು, ಹೆಗಲು ಕೊಟ್ಟು, ಒಟ್ಟಿಗೆ ಏಳಬೇಕು. ಎದ್ದ ಮೇಲೆ ದೇವರು ಹಳ್ಳದವರೆಗೆ ನೆಲ ಮುಟ್ಟುವಂತಿಲ್ಲ.

ಹಂಪಣ್ಣ ಕೂಡುವುದೆಲ್ಲಿಂದ ಬಂತು? ಆದರೆ ದಾರಿಯುದ್ದಕ್ಕೂ ಇದಕ್ಕೊಂದು ಉಪಾಯ ಹೊಸೆದಿದ್ದ. ಏಳುವವರೆಗೆ ಅಷ್ಟೇ ಕಷ್ಟ. ಎದ್ದ ಬೊಂಬಿಗೆ ನಿಂತ ಹೆಗಲು ಕೊಡುವುದಕ್ಕೆ ಹಲಗೆಯೇನೂ ಅಡ್ಡಿಯಾಗದು. ಕೊಂಬಿನ ಕಟ್ಟಳೆಯಿರುವುದು ಮೂರನೆಯದಕ್ಕೆ, ಮೊದಲನೆಯದಕ್ಕಲ್ಲ.

"ಶಿವಶಂಕರಪ್ಪಣ್ಣಾ," ಎಂದು ಎಲ್ಲರಿಗೂ ಕೇಳುವಂತೆ ಕರೆದ. "ಎಷ್ಟು ವರ್ಷದಿಂದ ಆಸಿ ಪಡಾಕ ಹತ್ತಿ. ನೀನೂ ಸ್ವಾಮಿ ಮಗನೇ. ಈ ಸಲ ನೀ ಎತ್ತು. ಎತ್ತಿದ ಮ್ಯಾಲೆ ನಾ ಹೆಗಲು ಕೊಡ್ತೀನಿ."

ಜನ ತಲೆದೂಗಿದರು. ಎಂಥ ಮನಸ್ಸು ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಶಿವಶಂಕರಪ್ಪ ಮಾತು ಮುಗಿಯುವ ಮೊದಲೇ ಬೊಂಬಿನ ಕೆಳಗಿದ್ದ. ಒಂದು ತಿಂಗಳು ತೊಲೆ ಹೊತ್ತ ಹೆಗಲು, ಮೂರು ತಲೆಮಾರು ಕಾದ ಹೆಗಲು. ಕರಿಬಸಯ್ಯನವರು "ಹರಹರ" ಎಂದರು. ಎರಡನೆಯ ಕೊಂಬು ಊದಿತು. ನಾಲ್ವರೂ ಎದ್ದರು, ಶಿವಶಂಕರಪ್ಪ ಮಾತ್ರ ಉಳಿದವರಿಗಿಂತ ಒಂದು ಗಳಿಗೆ ಮೊದಲೇ, ಉತ್ಸಾಹದಿಂದ, ಒಂಟಿಯಾಗಿ ಎದ್ದ.

ಅರ್ಧದಲ್ಲೇ ಚಟ್ ಎಂದಿತು.

ಆ ಸದ್ದಿನ ಪರಿಚಯ ಅಲ್ಲಿ ಹಂಪಣ್ಣನೊಬ್ಬನಿಗಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಮೂರು ಮೂಲೆ ಮೇಲೆ, ಒಂದು ಮೂಲೆ ನಡುಮಟ್ಟಕ್ಕೆ. ಪಲ್ಲಕ್ಕಿ ವಾಲಿತು. ಒಳಗೆ ಕೂತ ವೀರಭದ್ರನ ಬೆಳ್ಳಿಯ ಮುಖ ಬಲಗಡೆಗೆ ಜಾರಿ, ಶಿವಶಂಕರಪ್ಪನನ್ನೇ ನೋಡುವಂತಾಯಿತು.

"ಏಳೋ ಶಿವಶಂಕರ," ಕರಿಬಸಯ್ಯನವರೆಂದರು.

"ಏಳಾಕ ಬರವಲ್ದು ಅಯ್ಯನವ್ರ. ನಡ ಹಿಡಕಂಡೈತಿ."

"ಹಂಪಣ್ಣ, ನೀ ಹಿಡಿ."

ಹಂಪಣ್ಣ ಹೆಜ್ಜೆ ಮುಂದಿಟ್ಟ. ಬೊಂಬು ಇದ್ದದ್ದು ಅವನ ನಡುಮಟ್ಟಕ್ಕೆ. ಹೆಗಲು ಅಲ್ಲಿಗೆ ಹೋಗಬೇಕಾದರೆ ಬಗ್ಗಬೇಕು. ಬಗ್ಗಲು ನೋಡಿದ. ಬೆನ್ನಿನ ಹಲಗೆ ಕಿರ್ ಎಂದಿತು, ಹಂಪಣ್ಣನೂ ಕಿರ್ ಎಂದ. ಬೇರೆ ಯಾರಾದರೂ ಮುಂದೆ ಬರುವಂತಿರಲಿಲ್ಲ. ಆ ಬೊಂಬು ಆ ಎರಡು ಮನೆಗಳದು. ಬೊಂಬು ಶಿವಶಂಕರಪ್ಪನ ಹೆಗಲಿನ ಸಮೇತ ಇನ್ನೂ ಕೆಳಗಿಳಿಯುತ್ತಿತ್ತು. ಪಲ್ಲಕ್ಕಿಯ ಕುಚ್ಚು ನೆಲಕ್ಕೆ ಗೇಣು ದೂರದಲ್ಲಿತ್ತು.

ಆಗ ರಾಮುಲುವಿನ ಬಾಯಿ, ಮಧ್ಯಾಹ್ನದಿಂದ ಕಷ್ಟಪಟ್ಟು ಮುಚ್ಚಿದ್ದ ಬಾಯಿ, ತೆರೆಯಿತು.

"ಅಯ್ಯನವ್ರ, ಹಂಪಣ್ಣ ಒದೀಲಿ. ಅವ ಕಾಲು ಮುಂದಾಗಿ ಹುಟ್ಯಾನ. ಬುಗ್ಗಮ್ಮವ್ವ ಇವತ್ತೇ ಹೇಳ್ಯಾಳ. ಎಡಗಾಲಿಂದ ಒದ್ರ ಉಳುಕು ಬಿಡ್ತೈತಿ."

ಗುಂಪಿನ ಕಣ್ಣೆಲ್ಲ ಹಂಪಣ್ಣನ ಎಡಗಾಲಿಗೆ ಇಳಿಯಿತು. ಕರಿಬಸಯ್ಯನವರು ಹಂಪಣ್ಣನ ಕಡೆ ತಿರುಗಿದರು. "ಖರೆ ಏನಪ್ಪ?"

ಹಂಪಣ್ಣನಿಗೆ ಲೆಕ್ಕ ಸ್ಪಷ್ಟವಾಗಿತ್ತು. ಒದೆಯದಿದ್ದರೆ ದೇವರು ನೆಲ ಮುಟ್ಟುತ್ತಾನೆ. ಒದ್ದರೆ ಶಿವಶಂಕರಪ್ಪ ಏಳುತ್ತಾನೆ, ಬೊಂಬು ಅವನ ಹೆಗಲ ಮೇಲೆಯೇ ಏಳುತ್ತದೆ. ವಾಲಿದ ಪಲ್ಲಕ್ಕಿಯೊಳಗಿನ ಬೆಳ್ಳಿಯ ಮುಖವನ್ನು ನೋಡಿದ. ಅದು ಇವನ ಕಡೆಗೂ ಸ್ವಲ್ಪ ನೋಡುತ್ತಿದ್ದಂತಿತ್ತು. ಅಜ್ಜ, ಅಪ್ಪ ಎಲ್ಲರೂ ಹೊತ್ತದ್ದು ಹಕ್ಕನ್ನಲ್ಲ, ಈ ಸ್ವಾಮಿಯನ್ನು ಎಂದು ಒಂದು ಗಳಿಗೆ ಅನಿಸಿತು. ಆ ಗಳಿಗೆ ಮುಗಿಯುವ ಮೊದಲೇ ಒದೆಯುವುದು ಒಳ್ಳೆಯದೆಂದೂ ಅನಿಸಿತು.

"ಖರೆ, ಅಯ್ಯನವ್ರ," ಎಂದ. ರಾಮುಲುವಿನ ತೋಳು ಹಿಡಿದು ಎಡಗಾಲು ಎತ್ತಿ, ಅಣ್ಣನ ನಡಕ್ಕೆ ಒಂದು ಕೊಟ್ಟ. ಬೆಳಗಿನಿಂದ ಒಳಗಿದ್ದ ಜೋಳದ ಚೀಲದ ನೆನಪೂ ಅದರಲ್ಲಿ ಸ್ವಲ್ಪ ಸೇರಿತ್ತು.

ಶಿವಶಂಕರಪ್ಪ ಚಿಲಕ ತೆಗೆದ ಬಾಗಿಲಿನಂತೆ ತಟ್ಟನೆ ನೆಟ್ಟಗಾದ. ಬೊಂಬು ಮೇಲೆದ್ದಿತು, ಪಲ್ಲಕ್ಕಿ ಸಮವಾಯಿತು, ಬೆಳ್ಳಿಯ ಮುಖ ತನ್ನ ಜಾಗಕ್ಕೆ ಜಾರಿ ಮುಂದೆ ನೋಡತೊಡಗಿತು. ಕೊಂಬು ಊದುವವನು ಇಷ್ಟು ಹೊತ್ತು ತಡೆಹಿಡಿದಿದ್ದ ಉಸಿರನ್ನೆಲ್ಲ ಕೊಂಬಿಗೆ ಬಿಟ್ಟ.

ಅದು ಮೂರನೆಯದು.

ಎತ್ತಿದ ಎಡಗಾಲನ್ನು ಇಳಿಸಲಾಗದೆ ಹಂಪಣ್ಣ ಕೊಕ್ಕರೆಯಂತೆ ನಿಂತಿದ್ದ. ಹಲಗೆ ಎರಡಾಗಿತ್ತು. ಕರಿಬಸಯ್ಯನವರು ಮೆಲ್ಲಗೆ ಹೇಳಿದರು: "ಹಿರಿಯರಿಗೆ ಕಾಲು ತಾಗಿಸಿದಿ ಹಂಪಣ್ಣ. ಬಗ್ಗಿ ನಮಸ್ಕಾರ ಮಾಡಪ್ಪ."

ಅದು ಊರಿನ ರೂಢಿ. ಗೊತ್ತಿದ್ದು ತಾಗಲಿ, ಗೊತ್ತಿಲ್ಲದೆ ತಾಗಲಿ, ದೊಡ್ಡವರಿಗೆ ಕಾಲು ತಾಗಿದರೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಒಂದು ಉಗಾದಿ ದೊಡ್ಡವನಾದರೂ ದೊಡ್ಡವನೇ. ಹಂಪಣ್ಣ ಹಲ್ಲು ಕಚ್ಚಿ ಬಗ್ಗಿದ. ಶಿವಶಂಕರಪ್ಪ ಪಲ್ಲಕ್ಕಿಯ ಭಾರದಡಿಯಲ್ಲೇ ಒಂದು ಕೈ ಬಿಡಿಸಿ, ತಮ್ಮನ ಹೊಸ ರುಮಾಲಿನ ಮೇಲಿಟ್ಟ.

"ನೂರು ವರ್ಷ ಬಾಳು ತಮ್ಮಾ," ಎಂದ. ಅದನ್ನು ಮನಸಾರೆ ಹೇಳಿದ.

ಪಲ್ಲಕ್ಕಿ ಹಳ್ಳದ ಕಡೆ ಹೊರಟಿತು. ಹಂಪಣ್ಣ ಬಗ್ಗಿದಲ್ಲೇ ಉಳಿದ.

ಮರುದಿನ ಬೆಳಗಿನಲ್ಲಿ ವೀರಬಸಮ್ಮ ಒಳ್ಳೆಣ್ಣೆಗೆ ಬಳ್ಳೊಳ್ಳಿ, ಓಮ ಹಾಕಿ ಕಾಸುತ್ತಿರುವಾಗ ಬಾಗಿಲ ಮುಂದೆ ಗಲಗಲ ಕೇಳಿಸಿತು. ರಾಮುಲುವಿನ ಬಾಯಿ ರಾತ್ರಿಯೆಲ್ಲ ದುಡಿದಿತ್ತು. ಮಾಗನೂರಿನವರು, ಮರಿಕಲ್‌ನವರು, ಬೆಳಗಿನ ಬಂಡಿ ಹಿಡಿದು ಬಂದ ಮಕ್ತಲ್‌ನವರು, ಕೋಲು ಊರಿದವರು, ಸೊಂಟ ಹಿಡಿದವರು, ಮಗನ ಹೆಗಲ ಮೇಲೆ ತೂಗಿಕೊಂಡು ಬಂದವರು, ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಸಾಲಿನ ಮೊದಲಿಗೆ ಶಿವಶಂಕರಪ್ಪ, ಕೈಯಲ್ಲಿ ಪ್ರಸಾದದ ತೆಂಗಿನಕಾಯಿ: ಹಳ್ಳದಿಂದ ತಿರುಗಿ ಬರುವಾಗ ಮತ್ತೆ ಸ್ವಲ್ಪ ಹಿಡಿದಂತಾಗಿದೆ. ಸಾಲಿನ ಕೊನೆಗೆ, ಎರಡು ಲೋಡುಗಳ ಸಮೇತ, ಹಕೀಮ್ ಸಾಹೇಬರು.

ದುಡ್ಡು ಕೇಳುವಂತಿಲ್ಲ, ದೇವರು ಕೊಟ್ಟದ್ದನ್ನು ಮಾರುವುದುಂಟೇ. ಇಲ್ಲವೆನ್ನುವಂತಿಲ್ಲ, ನಿನ್ನೆ ವೀರಭದ್ರನ ಮುಂದೆಯೇ ಒಪ್ಪಿಕೊಂಡಾಗಿದೆ. ಒಂದೊಂದು ಒದೆತಕ್ಕೂ ಹಂಪಣ್ಣನ ನಡ ಇನ್ನೊಂದು ಚೂರು ಹಿಡಿಯುತ್ತಿತ್ತು. ಒದೆಸಿಕೊಂಡವರು ನೆಟ್ಟಗಾಗಿ, ನಗುನಗುತ್ತ, ಕಾಲು ಮುಂದೆ ಮಾಡಿ ನಿಲ್ಲುತ್ತಿದ್ದರು. ಎಲ್ಲರೂ ಹಂಪಣ್ಣನಿಗಿಂತ ಹಿರಿಯರೇ. ಹಂಪಣ್ಣ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಅವರು ಹರಸುತ್ತಿದ್ದರು. ವೀರಬಸಮ್ಮ ಹಿಂದಿನಿಂದ ಬಂದು ಎತ್ತಿ ನಿಲ್ಲಿಸುತ್ತಿದ್ದಳು.

ಆದರೂ ಹಂಪಣ್ಣ ತನ್ನ ನಡದ ಆಸೆ ಬಿಡಲಿಲ್ಲ. ಮುಂದೆ ಬಂದು ಬೆನ್ನು ತೋರಿಸಿದ ಪ್ರತಿಯೊಬ್ಬರಿಗೂ, ಕಾಲೆತ್ತುವ ಮೊದಲು, ಮೆಲ್ಲಗೆ ಅದೊಂದನ್ನು ಕೇಳುತ್ತಿದ್ದ:

"ನೀವು ಹುಟ್ಟೋವಾಗ ಯಾವ ಕಡಿಂದ ಬಂದ್ರಿ? ತಲಿ ಮುಂದೋ, ಕಾಲು ಮುಂದೋ? ನಿಮ್ಮವ್ವನ್ನ ಒಮ್ಮಿ ಸರಿಯಾಗಿ ಕೇಳ್ಕೊಂಡು ಬರ್ರಿ."